ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಡಿಸ್ಕಿನ ಒಳಗೆ ನಡೆಯುವುದೇನು, ಬದಲಿಸುವುದು ಹೇಗೆ

ಹಾರ್ಡ್ ಡಿಸ್ಕ್ ಇರುವ ಏಳೆಂಟು ವರ್ಷದ ಲ್ಯಾಪ್‌ಟಾಪೊಂದನ್ನು ಆನ್ ಮಾಡಿ, ಡೆಸ್ಕ್‌ಟಾಪ್ ಬಂದ ಕೂಡಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಕಾಲಂನಲ್ಲಿ 100% ಎಂದಿರುತ್ತದೆ. ಆದರೆ ಓದುತ್ತಿರುವುದು ಸೆಕೆಂಡಿಗೆ 1 ಎಂಬಿಯೋ 2 ಎಂಬಿಯೋ ಅಷ್ಟೇ. ಪ್ರೊಸೆಸರ್ ಮಾತ್ರ ಕೆಲಸವಿಲ್ಲದೆ ಕೂತಿರುತ್ತದೆ. ಪೂರ್ತಿ ದುಡಿಯುತ್ತಿರುವ ಡಿಸ್ಕಿನಿಂದ ಇಷ್ಟೇ ಇಷ್ಟು ಹೊರಬರುವುದು ಏಕೆ? ಇದಕ್ಕೆ ಉತ್ತರ ಗೊತ್ತಾದರೆ ಯಾವ ಡಿಸ್ಕ್ ಕೊಳ್ಳಬೇಕು, ಯಾವುದನ್ನು ಹೇಗೆ ಇಟ್ಟುಕೊಳ್ಳಬೇಕು, ಕೆಟ್ಟಾಗ ಏನು ಮಾಡಬಾರದು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ರ‍್ಯಾಮ್ ಬೇರೆ, ಸ್ಟೋರೇಜ್ ಬೇರೆ. ಕರೆಂಟು ಹೋದರೆ ರ‍್ಯಾಮಿನಲ್ಲಿದ್ದದ್ದೂ ಹೋಯಿತು. ಕರೆಂಟು ಹೋದರೂ ಉಳಿಯುವ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ (ತಟ್ಟೆಯ ಬದಲು ಚಿಪ್ಪುಗಳಿರುವ ಸಾಲಿಡ್ ಸ್ಟೇಟ್ ಡ್ರೈವ್), ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಡಿವಿಡಿ ಇವೆಲ್ಲ ದ್ವಿತೀಯಕ ಸಂಗ್ರಹ ಸಾಧನಗಳು. ಪ್ರೊಸೆಸರ್ ಇವುಗಳಿಂದ ನೇರವಾಗಿ ಏನನ್ನೂ ನಡೆಸುವುದಿಲ್ಲ. ಬೇಕಾದ್ದನ್ನು ಮೊದಲು ರ‍್ಯಾಮಿಗೆ ಎಳೆದುಕೊಳ್ಳುತ್ತದೆ. ಕಾಯುವುದೆಲ್ಲ ಈ ಎಳೆದುಕೊಳ್ಳುವ ಹೊತ್ತಿನಲ್ಲಿ.

ತಿರುಗುವ ತಟ್ಟೆ

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ, ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು. ಗಾತ್ರ ಎಷ್ಟು ಕುಗ್ಗಿದರೂ ಒಳಗಿನ ಏರ್ಪಾಡು ಇಂದಿಗೂ ಅದೇ. ಕಾಂತೀಯ ಲೇಪನದ ತಟ್ಟೆ ತಿರುಗುತ್ತದೆ, ತೋಳಿನ ತುದಿಯಲ್ಲಿ ಓದಿ ಬರೆಯುವ ಹೆಡ್ ಒಳಕ್ಕೂ ಹೊರಕ್ಕೂ ಓಡಾಡಿ ಬೇಕಾದ ಟ್ರ್ಯಾಕಿನ (ತಟ್ಟೆಯ ಮೇಲಿನ ವರ್ತುಲದ) ಮೇಲೆ ನಿಲ್ಲುತ್ತದೆ, ಬೇಕಾದ ಸೆಕ್ಟರ್ (ಆ ವರ್ತುಲದ ತುಂಡು) ತನ್ನ ಕೆಳಗೆ ಬರುವವರೆಗೆ ಕಾಯುತ್ತದೆ.

ಈ ಕಾಯುವಿಕೆಯಲ್ಲೇ ಎಲ್ಲ ಗುಟ್ಟು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಸೆಕ್ಟರ್ ಸರಾಸರಿ ಅರ್ಧ ಸುತ್ತು ದೂರದಲ್ಲಿರುತ್ತದೆ ಎಂದುಕೊಂಡರೆ 5.5 ಮಿಲಿಸೆಕೆಂಡು. ತೋಳು ಸರಿದು ನಿಲ್ಲಲು ಇನ್ನೊಂದು 12. ಒಟ್ಟು ಸುಮಾರು 17 ಮಿಲಿಸೆಕೆಂಡು, ಸೆಕೆಂಡಿಗೆ ಹೆಚ್ಚೆಂದರೆ 60 ಸಲ. ಒಂದೊಂದು ಸಲಕ್ಕೂ 4 ಕೆಬಿಯ ಚೂರೊಂದು ಸಿಕ್ಕರೆ ಸೆಕೆಂಡಿಗೆ 240 ಕೆಬಿ! ಅದೇ ಡಿಸ್ಕ್ ಒಂದೇ ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಕೊಡುತ್ತದೆ. ಕಂಪ್ಯೂಟರ್ ಬೂಟ್ ಆಗುವಾಗ ಓದುವುದು ಸಿನಿಮಾದಂಥ ಒಂದು ಫೈಲನ್ನಲ್ಲ, ತಟ್ಟೆಯ ತುಂಬ ಚೆಲ್ಲಾಡಿರುವ ಸಾವಿರಾರು ಚಿಕ್ಕ ಫೈಲುಗಳನ್ನು. ಡಿಸ್ಕ್ 100% ಎಂದರೆ ಅದು ಓದುವುದರಲ್ಲಿ ಮುಳುಗಿದೆ ಎಂದಲ್ಲ, ಹುಡುಕುವುದರಲ್ಲಿ ಮುಳುಗಿದೆ ಎಂದು.

ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ತೆಳು ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ ಆ ಸಂದು ಎಷ್ಟು ಕಿರಿದೆಂದು ಅಂದಾಜಾದೀತು. ತಿರುಗುತ್ತಿರುವ ಡಿಸ್ಕನ್ನು ಮೇಜಿನಿಂದ ಬೀಳಿಸುವುದಿರಲಿ, ಧಪ್ ಎಂದು ಇಟ್ಟರೂ ಸಾಕು, ಹೆಡ್ ತಟ್ಟೆಯನ್ನು ಗೀರಬಹುದು. ತೇಲಲು ಗಾಳಿ ಬೇಕಾದ್ದರಿಂದಲೇ ಸಾಮಾನ್ಯ ಹಾರ್ಡ್ ಡಿಸ್ಕಿನ ಮೇಲೆ ಫಿಲ್ಟರ್ ಇರುವ ಪುಟ್ಟ ಉಸಿರಾಟದ ತೂತು ಇರುತ್ತದೆ. ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳು ಪೂರ್ತಿ ಮುಚ್ಚಿರುತ್ತವೆ, ಅವುಗಳ ಕಥೆ ಬೇರೆ.

ಒರೆಸಲು ಕಷ್ಟಪಡುವ ಸ್ಲೇಟು

ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. 1980ರ ದಶಕದಲ್ಲಿ ತೋಷಿಬಾದ ಫುಜಿಯೊ ಮಸುವೊಕ ರೂಪಿಸಿದ ನ್ಯಾಂಡ್ ಫ್ಲ್ಯಾಶ್ ಎಂಬ ಮೆಮೊರಿ ಚಿಪ್ಪು ಇದರ ತಳಹದಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಮೊಬೈಲಿನ ಸ್ಟೋರೇಜ್ ಎಲ್ಲದರಲ್ಲೂ ಇರುವುದು ಇದೇ. ಪ್ರತಿ ಕೋಶದಲ್ಲಿ ಸೆರೆಯಾದ ಎಲೆಕ್ಟ್ರಾನ್‌ಗಳ ಪ್ರಮಾಣವೇ ದತ್ತಾಂಶ. ಹುಡುಕಾಟಕ್ಕೆ ತೋಳಿಲ್ಲದ ಕಾರಣ ಯಾವ ಮೂಲೆಯ ಚೂರಾದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಸಿಗುತ್ತದೆ. ಹಳೆ ಯಂತ್ರಕ್ಕೆ ಜೀವ ಬಂದಂತಾಗುವುದು ಇದರಿಂದಲೇ ಹೊರತು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಎಂಬಿ ಲೆಕ್ಕದಿಂದಲ್ಲ.

ಎಸ್‌ಎಸ್‌ಡಿಯ ತೊಡಕು ಬೇರೆ ಬಗೆಯದು. ಅದನ್ನೊಂದು ಸ್ಲೇಟು ಎಂದುಕೊಳ್ಳಿ. ಒಂದೊಂದೇ ಸಾಲು ಬರೆಯಬಹುದು, ಆದರೆ ಒರೆಸುವುದಾದರೆ ಇಡೀ ಸ್ಲೇಟನ್ನೇ ಒರೆಸಬೇಕು. ಸಾಲು ಎಂದರೆ 4ರಿಂದ 16 ಕೆಬಿಯ ಪೇಜ್, ಸ್ಲೇಟು ಎಂದರೆ ಕೆಲವು ಎಂಬಿಗಳ ಬ್ಲಾಕ್. ಒಂದು ಪೇಜನ್ನು ತಿದ್ದಬೇಕಾದಾಗ ಕಂಟ್ರೋಲರ್ (ಡಿಸ್ಕಿನ ಕೆಲಸ ನೋಡಿಕೊಳ್ಳುವ ಚಿಪ್ಪು) ಅದನ್ನು ಅಲ್ಲೇ ತಿದ್ದದೆ ಬೇರೆಡೆ ಹೊಸದಾಗಿ ಬರೆದು, ಹಳೆಯದನ್ನು ಕಸವೆಂದು ಗುರುತು ಹಾಕಿಕೊಳ್ಳುತ್ತದೆ. ಬಿಡುವಾದಾಗ ಚೆನ್ನಾಗಿರುವ ಪೇಜುಗಳನ್ನು ಒಟ್ಟುಗೂಡಿಸಿ ಇನ್ನೊಂದು ಬ್ಲಾಕಿಗೆ ಸಾಗಿಸಿ, ಕಸದ ಬ್ಲಾಕನ್ನು ಒರೆಸಿಡುತ್ತದೆ. ಖಾಲಿ ಜಾಗ ಇಲ್ಲದಿದ್ದರೆ ಈ ಸಾಗಾಟವೇ ಹೆಚ್ಚಾಗಿ ವೇಗ ಕುಸಿಯುತ್ತದೆ. ಹಾಗಾಗಿ ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಬೇಡಿ, 10–15% ಖಾಲಿ ಬಿಡಿ.

ನೀವು ಅಳಿಸಿದ ಫೈಲು ಯಾವ ಪೇಜುಗಳಲ್ಲಿತ್ತೆಂದು ಆಪರೇಟಿಂಗ್ ಸಿಸ್ಟಂ ಎಸ್‌ಎಸ್‌ಡಿಗೆ ತಿಳಿಸುವ ಆದೇಶಕ್ಕೆ ಟ್ರಿಮ್ ಎನ್ನುತ್ತಾರೆ. ಇದರಿಂದ ವೇಗ ಉಳಿಯುತ್ತದೆ. ಆದರೆ ರೀಸೈಕಲ್ ಬಿನ್ನಿನಿಂದಲೂ ಅಳಿಸಿದ ಫೋಟೋ ಎಸ್‌ಎಸ್‌ಡಿಯಿಂದ ಮರಳಿ ಸಿಗುವುದು ಬಹುತೇಕ ಅಸಾಧ್ಯವಾಗುವುದೂ ಇದರಿಂದಲೇ. ಹಾರ್ಡ್ ಡಿಸ್ಕಿನಲ್ಲಿ ಮೇಲೆ ಬೇರೇನೂ ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರಿಗೆ ಸಿಗುವ ಸಂಭವವಿರುತ್ತದೆ. ಮತ್ತೆ, ಎಸ್‌ಎಸ್‌ಡಿಗೆ ಡಿಫ್ರ್ಯಾಗ್ (ಚದುರಿದ ಫೈಲಿನ ಚೂರುಗಳನ್ನು ಒಂದೆಡೆ ಸೇರಿಸುವ ಕೆಲಸ) ಬೇಡ. ವಿಂಡೋಸಿನ ಆಪ್ಟಿಮೈಸ್ ಡ್ರೈವ್ಸ್ ಎಸ್‌ಎಸ್‌ಡಿಯನ್ನು ಗುರುತಿಸಿ ಟ್ರಿಮ್ ಮಾಡುತ್ತದೆ, ಅದನ್ನು ಅದರ ಪಾಡಿಗೆ ಬಿಡಿ.

ಕೋಶವೊಂದಕ್ಕೆ 1 ಬಿಟ್ ಇಟ್ಟರೆ ಎಸ್‌ಎಲ್‌ಸಿ, 3 ಆದರೆ ಟಿಎಲ್‌ಸಿ, 4 ಆದರೆ ಕ್ಯೂಎಲ್‌ಸಿ. 4 ಬಿಟ್ ಎಂದರೆ ಒಂದೇ ಕೋಶದಲ್ಲಿ ವಿದ್ಯುದಂಶದ 16 ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಅಗ್ಗ ಹೌದು, ಆದರೆ ಬರೆಯುವುದು ನಿಧಾನ, ಸವೆತ ಬೇಗ. ಈ ನಿಧಾನವನ್ನು ಮರೆಮಾಚಲು ಕಂಪನಿಗಳು ಖಾಲಿ ಜಾಗದ ಒಂದಷ್ಟನ್ನು ತಾತ್ಕಾಲಿಕವಾಗಿ ಎಸ್‌ಎಲ್‌ಸಿಯಂತೆ ಬಳಸುತ್ತವೆ. 100 ಜಿಬಿ ವಿಡಿಯೋ ನಕಲು ಮಾಡುವಾಗ ಮೊದಲು ಜೋರಾಗಿ ಓಡಿ, ನಡುವೆ ಒಮ್ಮೆಲೇ ವೇಗ ಪಾತಾಳಕ್ಕಿಳಿದರೆ ಡಿಸ್ಕ್ ಕೆಟ್ಟಿಲ್ಲ, ಆ ತಾತ್ಕಾಲಿಕ ಜಾಗ ಮುಗಿದಿದೆ. ಮನೆ ಬಳಕೆಗೆ ಟಿಎಲ್‌ಸಿ ಸಾಕು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲದಿದ್ದರೆ ಕ್ಯೂಎಲ್‌ಸಿಯನ್ನು ಬಿಡುವುದೇ ಲೇಸು.

ಸವೆತದ ಭಯ ಮಾತ್ರ ಅತಿಯಾಗಿದೆ. 500 ಜಿಬಿಯ ಒಳ್ಳೆಯ ಟಿಎಲ್‌ಸಿ ಡಿಸ್ಕಿಗೆ 300 ಟಿಬಿ ಬರೆಯುವವರೆಗೆ ಗ್ಯಾರಂಟಿ ಕೊಡುವುದು ಸಾಮಾನ್ಯ. ದಿನಕ್ಕೆ 30 ಜಿಬಿ ಬರೆದರೂ 10,000 ದಿನ, ಅಂದರೆ 27 ವರ್ಷ. ಎಸ್‌ಎಸ್‌ಡಿಗಳು ಸವೆದು ಸಾಯುವುದಕ್ಕಿಂತ ಕಂಟ್ರೋಲರ್ ಕೈಕೊಟ್ಟು ಮುನ್ಸೂಚನೆಯಿಲ್ಲದೆ ನಿಲ್ಲುವುದು ಹೆಚ್ಚು. ಭಯಪಡಬೇಕಾದದ್ದು ಇದಕ್ಕೆ.

ನಿಮ್ಮ ಯಂತ್ರಕ್ಕೆ ಯಾವುದು ಕೂರುತ್ತದೆ

ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವ ಮುಂಚೆ ಲ್ಯಾಪ್‌ಟಾಪಿನ ಮಾಡೆಲ್ ಸಂಖ್ಯೆ ಹಿಡಿದು ಅದರ ಸರ್ವೀಸ್ ಮ್ಯಾನ್ಯುಯಲ್ ನೋಡಿಕೊಳ್ಳಿ. ಅಂಗಡಿಯವರ ಅಂದಾಜನ್ನು ನಂಬಿ ತಂದ ಎಂ.2 ಡಿಸ್ಕ್ (ಪಟ್ಟಿಯಂಥ ಪುಟ್ಟ ಎಸ್‌ಎಸ್‌ಡಿ) ಸ್ಲಾಟಿಗೆ ಕೂತೂ ಯಂತ್ರಕ್ಕೆ ಕಾಣದಿರುವುದು ಮಾಮೂಲಿ ತಾಪತ್ರಯ.

ಹಾರ್ಡ್ ಡಿಸ್ಕ್ ಇರುವ ಹಳೆ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು 2.5 ಇಂಚಿನ ಸಾಟಾ (ಡಿಸ್ಕನ್ನು ಜೋಡಿಸುವ ಒಂದು ಬಗೆಯ ಸಂಪರ್ಕ) ಜಾಗ. ಅಲ್ಲಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ನೇರವಾಗಿ ಕೂರುತ್ತದೆ. ಹಳೆ ಡಿಸ್ಕಿನ ದಪ್ಪ 9.5 ಮಿ.ಮೀ. ಆಗಿದ್ದು ಹೊಸದು 7 ಮಿ.ಮೀ. ಆಗಿದ್ದರೆ ಅಲುಗಾಡದಂತೆ ಪ್ಲಾಸ್ಟಿಕ್ ಚೌಕಟ್ಟೊಂದನ್ನು ಜೊತೆಗಿಡಿ. ಸಾಟಾದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 550 ಎಂಬಿ.

ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಆ ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತದೆ, ಅದಕ್ಕಿಂತ ವೇಗದ ಎನ್‌ವಿಎಂಇ ಡಿಸ್ಕೂ ಬರುತ್ತದೆ. ಅಂಚಿನ ಚಿನ್ನದ ಬಣ್ಣದ ಪಟ್ಟಿಯಲ್ಲಿ ಎರಡು ಕಚ್ಚುಗಳಿದ್ದರೆ ಬಹುಮಟ್ಟಿಗೆ ಸಾಟಾ, ಒಂದೇ ಕಚ್ಚಿದ್ದರೆ ಎನ್‌ವಿಎಂಇ. ಹಳೆಯ ಕೆಲವು ಸ್ಲಾಟುಗಳು ಸಾಟಾವನ್ನು ಮಾತ್ರ, ಹೊಸ ಬಹುತೇಕ ಸ್ಲಾಟುಗಳು ಎನ್‌ವಿಎಂಇಯನ್ನು ಮಾತ್ರ ಒಪ್ಪುತ್ತವೆ. ಎನ್‌ವಿಎಂಇ ಪಿಸಿಐಇ ಎಂಬ ಸಂಪರ್ಕದ ಮೂರನೇ ತಲೆಮಾರಿನಲ್ಲಿ ಸೆಕೆಂಡಿಗೆ 3500 ಎಂಬಿ, ನಾಲ್ಕನೆಯದರಲ್ಲಿ 7000 ಎಂಬಿವರೆಗೆ ಓಡುತ್ತದೆ. ಆದರೂ ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬೆರಗು, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದಿಲ್ಲ.

ಬದಲಿಸುವ ಕೆಲಸ

ಬೇಕಾದದ್ದು: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಗಿಟಾರ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡು, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಎನ್‌ಕ್ಲೋಷರ್ (ಡಿಸ್ಕನ್ನು ಒಳಗಿಡುವ ಡಬ್ಬಿ), 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್.

1. ಮುಖ್ಯವಾದ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದಿಲ್ಲದೆ ಹಳೆ ಡಿಸ್ಕನ್ನು ಎನ್‌ಕ್ಲೋಷರಿನಲ್ಲಿ ಹಾಕಿದರೆ ಒಂದು ಫೋಟೋ ಕೂಡ ತೆರೆಯದು.

2. ಕ್ಲೋನ್ (ಹಳೆ ಡಿಸ್ಕಿನ ತದ್ರೂಪು) ಮಾಡಬೇಕೋ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೋ ತೀರ್ಮಾನಿಸಿ. ಏಳೆಂಟು ವರ್ಷದ ವಿಂಡೋಸ್ ಆಗಿದ್ದರೆ ಹೊಸ ಇನ್‌ಸ್ಟಾಲೇಶನ್ನೇ ಒಳ್ಳೆಯದು. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ಆಕ್ಟಿವೇಶನ್ ಉಳಿಯುತ್ತದೆ. ಕ್ಲೋನೇ ಬೇಕೆಂದರೆ ಕ್ಲೋನ್‌ಜಿಲ್ಲಾ ಉಚಿತವಾಗಿ ಸಿಗುತ್ತದೆ. ಆದರೆ ಅದರ ಸಾಮಾನ್ಯ ಆಯ್ಕೆಯಲ್ಲಿ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 1 ಟಿಬಿಯಲ್ಲಿ 200 ಜಿಬಿ ಮಾತ್ರ ತುಂಬಿದ್ದರೂ 500 ಜಿಬಿಗೆ ಇಳಿಸಲು ಅದು ಒಪ್ಪುವುದಿಲ್ಲ.

3. ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ. ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಒಂದೊಂದು ಸ್ಕ್ರೂವನ್ನೂ ಅದರ ಜಾಗದಲ್ಲೇ ಟೇಪಿನಿಂದ ಅಂಟಿಸುತ್ತ ಹೋಗಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಕೀಬೋರ್ಡಿನ ಬದಿಯ ಪ್ಲಾಸ್ಟಿಕ್ಕನ್ನು ತೂರಿಕೊಂಡು ಮೇಲೆ ಬರುತ್ತದೆ.

4. ಬ್ಯಾಟರಿಯ ಕನೆಕ್ಟರ್ ಕಳಚಿ. ಪವರ್ ಬಟನ್ 15 ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ ಬರಿದು ಮಾಡಿ. ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೊಳ್ಳಿ.

5. ಹಾರ್ಡ್ ಡಿಸ್ಕನ್ನು ಕನೆಕ್ಟರಿನಿಂದ ಸಮತಲದಲ್ಲಿ ಎಳೆಯಿರಿ, ಮೇಲಕ್ಕೆ ಎತ್ತಬೇಡಿ. ಲೋಹದ ಚೌಕಟ್ಟಿನ ನಾಲ್ಕು ಸ್ಕ್ರೂ ತೆಗೆದು ಎಸ್‌ಎಸ್‌ಡಿಗೆ ಹಾಕಿ, ಹಾಗೆಯೇ ಸರಿಸಿ ಕೂರಿಸಿ. ಎಂ.2 ಆದರೆ ಸುಮಾರು 30 ಡಿಗ್ರಿ ಓರೆಯಲ್ಲಿ ತೂರಿಸಿ, ಒತ್ತಿ, ತುದಿಯ ಸ್ಕ್ರೂ ಹಾಕಿ. ಬಿಗಿ ಮಾಡುವ ಉತ್ಸಾಹ ಬೇಡ.

6. ಹೊಸದಾಗಿ ಇನ್‌ಸ್ಟಾಲ್ ಮಾಡುವುದಾದರೆ ವಿಂಡೋಸ್ ಸೆಟಪ್ ತುಂಬಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಇನ್‌ಸ್ಟಾಲ್ ಮಾಡಿ. ಹಳೆ ಡಿಸ್ಕನ್ನು ಆಗ ಜೋಡಿಸಿರಬೇಡಿ. ತಪ್ಪು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅನಾಹುತ ಆಗುವುದು ಈ ಹಂತದಲ್ಲೇ.

ಕ್ಲೋನ್ ಮಾಡಿದ್ದು ಬೂಟ್ ಆಗದೆ ಬೂಟ್ ಡಿವೈಸ್ ಇಲ್ಲ ಎಂಬ ಸಂದೇಶ ಬಂದರೆ ಮೊದಲು ಬಯೋಸಿನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಬೂಟ್ ಮಾಡುವ ಹಳೆ ಬಗೆಯಾದ ಲೆಗಸಿ ಮತ್ತು ಹೊಸ ಬಗೆಯಾದ ಯುಇಎಫ್‌ಐ ಆಯ್ಕೆ ನೋಡಿ. ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ಪದ್ಧತಿ) ಮಾದರಿಯ ಹಳೆ ಡಿಸ್ಕಿನ ತದ್ರೂಪು ಯುಇಎಫ್‌ಐಯಲ್ಲಿ ಬೂಟ್ ಆಗದು. ಬೂಟ್ ಆಗುತ್ತಲೇ ನೀಲಿ ಪರದೆ ಬಂದರೆ ಬಯೋಸಿನಲ್ಲಿ ಸಾಟಾ ಮೋಡ್ (ಯಂತ್ರ ಡಿಸ್ಕನ್ನು ನಡೆಸುವ ಬಗೆ) ಬದಲಾಗಿರಬಹುದು. ಎಎಚ್‌ಸಿಐ ಇದ್ದದ್ದು ರೇಡ್ ಆಗಿದೆಯೋ ಅಥವಾ ರೇಡ್ ಇದ್ದದ್ದು ಎಎಚ್‌ಸಿಐ ಆಗಿದೆಯೋ ನೋಡಿ, ಮೊದಲಿದ್ದಂತೆ ಮಾಡಿ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಯಂತ್ರಗಳಲ್ಲಿ ವಿಂಡೋಸ್ ಸೆಟಪ್‌ಗೆ ಡಿಸ್ಕೇ ಕಾಣದಿದ್ದರೆ ಕಾರಣ ವಿಎಂಡಿ ಎಂಬ ಏರ್ಪಾಡು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ ಪೆನ್‌ಡ್ರೈವಿಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡಿಸ್ಕ್ ಕಾಣುತ್ತದೆ.

1 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಎಂದು ತೋರಿಸಿದರೆ ಅಂಗಡಿಗೆ ಜಗಳಕ್ಕೆ ಹೋಗಬೇಡಿ. ಕಂಪನಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್, ವಿಂಡೋಸಿಗೆ 107 ಕೋಟಿ ಚಿಲ್ಲರೆ. ಅದೇ ಲೆಕ್ಕದಲ್ಲಿ 500 ಜಿಬಿ 465 ಆಗುತ್ತದೆ.

ತೆಗೆದ ಹಾರ್ಡ್ ಡಿಸ್ಕ್ ಮತ್ತು ಅದರ ನಾಡಿ

ಹಳೆ ಡಿಸ್ಕನ್ನು ಎನ್‌ಕ್ಲೋಷರಿಗೆ ಹಾಕಿದರೆ ಬ್ಯಾಕಪ್‌ಗೆ ಆಗುತ್ತದೆ, ನಾಡಿ ಸರಿಯಿದ್ದರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಪಟ್ಟಿ ತೆರೆದು ನಾಲ್ಕು ಸಾಲು ನೋಡಿ. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು. ಸಿ5 ಎಂದರೆ ಓದಲಾಗದೆ ತೀರ್ಪಿಗೆ ಕಾಯುತ್ತಿರುವವು. ಸಿ6 ಎಂದರೆ ಕೈಬಿಟ್ಟವು. ಈ ಮೂರರ ಕಚ್ಚಾ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆ ಇರಬೇಕು. 05ರಲ್ಲಿ ಸಣ್ಣ ಸಂಖ್ಯೆ ಇದ್ದು ತಿಂಗಳುಗಟ್ಟಲೆ ಹೆಚ್ಚದಿದ್ದರೆ ಸಿನಿಮಾ ತುಂಬಲು ಬಳಸಬಹುದು, ಮದುವೆ ಫೋಟೋಗಳಿಗೆ ಬೇಡ. ಸಿ5 ಏರುತ್ತಿದ್ದರೆ ಡಿಸ್ಕ್ ಹೊರಟಿದೆ ಎಂದೇ ತಿಳಿಯಿರಿ. ನಾಲ್ಕನೆಯದು ಸಿ7. ಅದು ಏರಿದರೆ ತಪ್ಪು ಡಿಸ್ಕಿನದ್ದಲ್ಲ, ಹೆಚ್ಚಾಗಿ ಕೇಬಲ್ಲಿನದು. ನೂರಿನ್ನೂರು ರೂಪಾಯಿಯ ಕೇಬಲ್ ಬದಲಿಸದೆ ಡಿಸ್ಕನ್ನೇ ಎಸೆದವರು ಬೇಕಾದಷ್ಟು ಜನ ಇದ್ದಾರೆ.

ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬಂದು ಡಿಸ್ಕ್ ಕಾಣದಿದ್ದರೆ ಆ ಕ್ಷಣವೇ ಕರೆಂಟ್ ತೆಗೆಯಿರಿ. ಹೆಡ್ ತನ್ನ ಜಾಗ ಸಿಗದೆ ಮರಳಿ ಮರಳಿ ಮೊದಲಿನಿಂದ ಹುಡುಕುವ ಸದ್ದು ಅದು. ಇನ್ನೊಮ್ಮೆ ನೋಡೋಣ ಎಂದು ಆನ್ ಮಾಡಿದಷ್ಟೂ ಮುರಿದ ಹೆಡ್ ತಟ್ಟೆಯನ್ನು ಕೆರೆಯುತ್ತದೆ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಮದ್ದನ್ನು ನಂಬಬೇಡಿ, ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕೂರುತ್ತದೆ. ಮುಚ್ಚಳ ತೆರೆದು ನೋಡುವುದು ಇನ್ನೂ ಕೆಟ್ಟದ್ದು. ಸದ್ದಿಲ್ಲದೆ, ನಿಧಾನವಾಗಿ ಓದುತ್ತಿರುವ ಡಿಸ್ಕಾದರೆ ಮಾತು ಬೇರೆ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಸುಲಭವಾಗಿ ಸಿಗುವ ಭಾಗವನ್ನು ಮೊದಲು ನಕಲು ಮಾಡಿ, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಮಾಮೂಲಿ ಕಾಪಿ–ಪೇಸ್ಟ್ ಕೆಟ್ಟ ಸೆಕ್ಟರಿನಲ್ಲೇ ಗುದ್ದಾಡುತ್ತ ನಿಂತುಬಿಡುತ್ತದೆ.

ಬ್ಯಾಕಪ್ ಡಿಸ್ಕನ್ನು ಸದಾ ಸಿಕ್ಕಿಸಿಡಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಒಂದು ಸಿಡಿಲು ಸಾಕು, ಕಂಪ್ಯೂಟರಿನ ಜೊತೆಗೆ ಬ್ಯಾಕಪ್ಪೂ ಹೋಗುತ್ತದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಸಿಕ್ಕಿಸಿದ ಡಿಸ್ಕನ್ನು ಬಿಡುವುದಿಲ್ಲ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಂಥ ಕಡೆ ಬರೆದಿಟ್ಟ ಡಿವಿಡಿಗಳನ್ನಂತೂ ನೆಚ್ಚಲೇಬೇಡಿ, ಬೂಷ್ಟು ಹಿಡಿಯುತ್ತದೆ.

ಪೆನ್‌ಡ್ರೈವ್: ಸುಳ್ಳು ಹೇಳುವ ಚಿಪ್ಪು, ಉದ್ದದ ಹೆಸರು

ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಸಿಕ್ಕರೆ ಅದು ನಕಲಿಯೇ. ಒಳಗೆ 16 ಅಥವಾ 32 ಜಿಬಿ ಫ್ಲ್ಯಾಶ್ ಇಟ್ಟು, ತಾನು 2 ಟಿಬಿ ಎಂದು ಹೇಳುವಂತೆ ಕಂಟ್ರೋಲರನ್ನು ತಿದ್ದಿರುತ್ತಾರೆ. ಫೈಲಿನ ಹೆಸರುಗಳೆಲ್ಲ ಕಾಣುತ್ತವೆ, ತೆರೆದರೆ ಒಳಗೇನೂ ಇರುವುದಿಲ್ಲ. ಹೊಸದನ್ನು ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಾಫ್ಟ್‌ವೇರಿನಿಂದ ಪೂರ್ತಿ ಬರೆದು ಓದಿ ನೋಡಿ. 64 ಜಿಬಿಯನ್ನು ಸೆಕೆಂಡಿಗೆ 20 ಎಂಬಿಯಂತೆ ಬರೆಯಲು ಸುಮಾರು 53 ನಿಮಿಷ ಹಿಡಿಯುತ್ತದೆ, ಓದಲು ಅದಕ್ಕಿಂತ ಕಡಿಮೆ. ವಾಪಸ್ ಕೊಡುವ ಅವಧಿಯೊಳಗೆ ಈ ಕೆಲಸ ಮುಗಿಸಿ.

ಜಾಗವಿದ್ದರೂ 5 ಜಿಬಿ ವಿಡಿಯೋ ಹಿಡಿಸುತ್ತಿಲ್ಲವೆಂದರೆ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಕಾರಿನ ಹಳೆ ಸ್ಟೀರಿಯೋಗೆ ಮಾತ್ರ ಫ್ಯಾಟ್32 ಇರಲಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ಮಾತು. ವಿಂಡೋಸಿನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಸಂಕೇತ (ಯುನಿಕೋಡ್ ಚಿಹ್ನೆ). ಲಿನಕ್ಸಿನ ಇಎಕ್ಸ್‌ಟಿ4ನಲ್ಲಿ 255 ಬೈಟ್. ಲಿನಕ್ಸ್ ಹೆಸರುಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸ, ತ, ರ, ಎರಡು ಹಲಂತ, ಒಂದು ದೀರ್ಘ ಸೇರಿ 6 ಸಂಕೇತ, 18 ಬೈಟ್. ಹೀಗಾಗಿ ವಿಂಡೋಸಿನಲ್ಲಿ ಸಲೀಸಾಗಿದ್ದ ಉದ್ದನೆಯ ಕನ್ನಡ ಹೆಸರು ಲಿನಕ್ಸ್ ಆಧಾರಿತ ನೆಟ್‌ವರ್ಕ್ ಡಿಸ್ಕಿಗೆ ಹೋಗುವಾಗ ಹೆಸರು ತೀರಾ ಉದ್ದವಾಯಿತು ಎಂಬ ದೋಷ ಕೊಟ್ಟು ನಿಲ್ಲುತ್ತದೆ. ವಿಸ್ತರಣೆಯೂ ಸೇರಿ 80 ಸಂಕೇತಗಳೊಳಗೆ ಹೆಸರಿಟ್ಟರೆ ಎಲ್ಲ ಕಡೆಯೂ ದಾಟುತ್ತದೆ.

ಮಾರುವ ಮುನ್ನ

ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪರಿವಿಡಿಯನ್ನು ಮಾತ್ರ. ಹಾರ್ಡ್ ಡಿಸ್ಕಾದರೆ ವಿಂಡೋಸಿನಲ್ಲಿ ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ, 1 ಟಿಬಿಗೆ ಮೂರು ಗಂಟೆಯಾದರೂ ಬೇಕು. ಒಂದು ಸಲ ಸಾಕು, ಏಳು ಸಲ ಬರೆಯಬೇಕೆಂಬುದು ಹಳೆಯ ಕಾಲದ ಮಾತು. ಎಸ್‌ಎಸ್‌ಡಿಯಲ್ಲಿ ಈ ಉಪಾಯ ಪೂರ್ತಿ ನಡೆಯದು. ಸ್ಲೇಟಿನ ಮಾತು ನೆನಪಿದೆಯಲ್ಲ, ಹೊಸ ಸೊನ್ನೆಗಳು ಬೇರೆ ಪೇಜುಗಳಿಗೆ ಹೋಗಿ, ಬಳಕೆದಾರರಿಗೆ ಕಾಣದ ಮೀಸಲು ಜಾಗದಲ್ಲಿ ಹಳೆಯದು ಉಳಿದಿರಬಹುದು. ಕಂಪನಿಯ ಸಾಫ್ಟ್‌ವೇರಿನಲ್ಲೋ ಬಯೋಸಿನಲ್ಲೋ ಇರುವ ಸೆಕ್ಯೂರ್ ಎರೇಸ್ ಬಳಸಿ. ಹಲವು ಡಿಸ್ಕುಗಳಲ್ಲಿ ಅದು ಒಂದು ನಿಮಿಷದೊಳಗೆ ಮುಗಿಯುತ್ತದೆ.

ಮಾರದೆ ಬೀರುವಿನಲ್ಲಿಡುವ ಎಸ್‌ಎಸ್‌ಡಿಯನ್ನು ಬ್ಯಾಕಪ್ ಎಂದು ಮರೆತುಬಿಡಬೇಡಿ. ಕೋಶದಲ್ಲಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ಬಾಳಿಕೆಯ ಮಿತಿ ಮುಟ್ಟಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ದತ್ತಾಂಶ ಉಳಿಸಿಕೊಳ್ಳಬೇಕೆಂಬುದು ಚಿಪ್ ಉದ್ಯಮದ ಸಂಸ್ಥೆಯಾದ ಜೆಡೆಕ್‌ನ ಮಾನದಂಡ. ಹೊಸ ಡಿಸ್ಕಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬೀರುವಿನ ಒಳಗೆ 30 ಡಿಗ್ರಿ ಎಲ್ಲಿಯ ಮಾತು! ಆರು ತಿಂಗಳಿಗೊಮ್ಮೆ ಸಿಕ್ಕಿಸಿ, ಒಂದೆರಡು ಗಂಟೆ ಬಿಟ್ಟು, ಒಳಗಿನ ನಾಲ್ಕೈದು ಫೈಲುಗಳನ್ನು ತೆರೆದು ನೋಡಿ ಮತ್ತೆ ಎತ್ತಿಡಿ.